ಮಿಲ್ಲಿನ ಸೇತುವೆ ಬೀಮು ರಿಪೇರಿ ಮಾಡಿಸಿದೆ: ಐದಕ್ಕೆ ನಾಲ್ಕು ಸ್ಟಾರ್

ಬೆಣ್ಣೆದೋಸೆ ಹೋಟೆಲಿಗೆ ರಿವ್ಯೂ ಬರೆಯುವವರು ದಾವಣಗೆರೆಯಲ್ಲಿ ಬೇಕಾದಷ್ಟಿದ್ದಾರೆ. ಸೇತುವೆ ರಿಪೇರಿ ಮಾಡಿಸಿ ಬರೆದವರನ್ನು ಹುಡುಕಿದೆ, ಒಬ್ಬರೂ ಸಿಗಲಿಲ್ಲ. ಅದಕ್ಕೇ ನಾನೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ. ಕಂಪನಿ ಹೆಸರು ಹಾಕಲ್ಲ. ಹೊಗಳಿಕೆ ಜೊತೆ ಬೈಗುಳವೂ ಇದೆ, ಸುಮ್ನೆ ಯಾಕೆ ಜಗಳ. ಬೆಂಗಳೂರಿನವರು, ಹಳೇ ಕಾಂಕ್ರೀಟ್ ಗಟ್ಟಿ ಮಾಡುವುದೇ ಅವರ ಕಸುಬು, ಅಷ್ಟು ಸಾಕು.

ನಮ್ಮದು ಹರಿಹರದ ಕಡೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗಿರುವ ಅಕ್ಕಿ ಮಿಲ್ಲು. ರಸ್ತೆಗೂ ಮಿಲ್ಲಿಗೂ ನಡುವೆ ನಮ್ಮ ಜಾಗದಲ್ಲೇ ಒಂದು ಹಳ್ಳ. ಭದ್ರಾ ಚಾನಲ್ಲಿಗೆ ನೀರು ಬಿಟ್ಟಾಗ ಗದ್ದೆಗಳ ಬಸಿ ನೀರು ಹರಿಯುತ್ತೆ, ಮಳೆಗಾಲದಲ್ಲಿ ತುಂಬಿ ಹರಿಯುತ್ತೆ. 1996ರಲ್ಲಿ ಅಪ್ಪ ಅದಕ್ಕೊಂದು ಸೇತುವೆ ಕಟ್ಟಿಸಿದರು. 9 ಮೀಟರ್ ಉದ್ದ. ಎರಡೂ ಕಡೆ ಸೈಜುಗಲ್ಲಿನ ಗೋಡೆ, ಮೇಲೆ ಮೂರು ಬೀಮು, ಬೀಮಿನ ಮೇಲೆ ಸ್ಲ್ಯಾಬು. ಆಗ ಬರುತ್ತಿದ್ದದ್ದು ಆರು ಚಕ್ರದ ಲಾರಿ, ಕಾನೂನಿನ ಪ್ರಕಾರ ಮಾಲೂ ಸೇರಿ 16.2 ಟನ್. ಈಗ 10 ಚಕ್ರದ ಲಾರಿಗೆ 28.5 ಟನ್ ತನಕ ಪರ್ಮಿಷನ್ ಇದೆ, 2018ರಲ್ಲಿ 25ರಿಂದ ಏರಿಸಿದರು. ಸುಗ್ಗಿಯಲ್ಲಿ ಅದರ ಮೇಲೂ ಯಾರು ಎಷ್ಟು ತುಂಬಿಕೊಂಡು ಬರುತ್ತಾರೆ ಅನ್ನುವುದು ನಮ್ಮ ವೇಬ್ರಿಡ್ಜಿಗೆ ಗೊತ್ತು, ನನ್ನ ಬಾಯಲ್ಲಿ ಹೇಳಿಸಬೇಡಿ.

ಮೂರು ವರ್ಷದ ಹಿಂದೆ ಬೀಮಿನಲ್ಲಿ ಬಿರುಕು ಕಂಡಿತು. ಊರಿನ ಒಬ್ಬ ಕಂಟ್ರಾಕ್ಟರನ್ನು ಕರೆಸಿದೆ. ಅವರು ಕತ್ತೆತ್ತಿ ನೋಡಿ "ಏನೂ ಆಗಿಲ್ಲ ಬಿಡ್ರೀ" ಅಂದರು, ಎರಡು ದಿನದಲ್ಲಿ ಸಿಮೆಂಟ್ ಗಿಲಾವು ಹಾಕಿಸಿ ಸುಣ್ಣ ಹೊಡೆಸಿದರು, 18,000 ತಗೊಂಡು ಹೋದರು. ಸೇತುವೆ ಮದುವೆ ಮನೆ ತರ ಕಾಣುತ್ತಿತ್ತು. ಒಂದು ಮಳೆಗಾಲ ಕಳೆಯಿತು. ಅದೇ ಜಾಗದಲ್ಲಿ ಅದೇ ಬಿರುಕು, ಜೊತೆಗೆ ಎಲೆಅಡಿಕೆ ಉಗಿದ ಹಾಗೆ ಕೆಂಚು ಕಲೆ. ಒಂದು ದಿನ ಲಾರಿ ಡ್ರೈವರ್ ಒಬ್ಬರು ಆಫೀಸಿಗೆ ಬಂದು ಅಂಗೈಯಗಲದ ಕಾಂಕ್ರೀಟ್ ಚಕ್ಕೆಯನ್ನು ಟೇಬಲ್ ಮೇಲಿಟ್ಟು "ಸಾವ್ಕಾರ್ರೆ, ಇದು ನಿಮ್ ಸೇತ್ವೇದು, ಕೆಳಗೆ ಬಿದ್ದಿತ್ತು, ನಾನಂತೂ ಲೋಡ್ ಹಾಕ್ಕೊಂಡು ಇನ್ಮುಂದೆ ದಾಟಲ್ಲ ನೋಡ್ರಿ" ಅಂದರು. ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಬೆಂಗಳೂರಿನವರಿಗೆ ಫೋನ್ ಮಾಡಿದಾಗ ನಾನು ಕೇಳಿದ್ದು ಒಂದೇ: ಕಾರ್ಬನ್ ನಾರಿನ ಪಟ್ಟಿ ಅಂಟಿಸುತ್ತಾರಂತಲ್ಲ, ಬೀಮಿನ ಅಡಿಗೆ ಅದನ್ನು ಅಂಟಿಸಿ ಕೊಡಿ, ರೇಟು ಹೇಳಿ. ವಿಡಿಯೋ ನೋಡಿದ್ದೆ, ವಾಲ್‌ಪೇಪರ್ ಅಂಟಿಸಿದಷ್ಟು ಸಲೀಸಾಗಿ ಕಂಡಿತ್ತು. ಅವರು ರೇಟು ಹೇಳಲಿಲ್ಲ. ಮೊದಲು ಟೆಸ್ಟಿಂಗ್, 95,000 ಆಗುತ್ತೆ, ಆಮೇಲೆ ಅಂಟಿಸಬೇಕೋ ಬೇಡವೋ ಹೇಳುತ್ತೇವೆ ಅಂದರು. ಬರೀ ನೋಡುವುದಕ್ಕೆ ಒಂದು ಲಕ್ಷವಾ ಅಂತ ಸಿಟ್ಟು ಬಂತು. ಈಗ ಯೋಚಿಸಿದರೆ ನಾನು ಕೊಟ್ಟ ದುಡ್ಡಿನಲ್ಲಿ ಪೂರ್ತಿ ಹುಟ್ಟಿದ್ದು ಅದೊಂದೇ.

ಬಂದದ್ದು ಒಬ್ಬ ಎಂಜಿನಿಯರ್, ಇಬ್ಬರು ಹುಡುಗರು. ಮೊದಲ ಅರ್ಧ ದಿನ ಮಿಷನ್ನನ್ನೇ ಹೊರಗೆ ತೆಗೆಯಲಿಲ್ಲ. ಸಣ್ಣ ಸುತ್ತಿಗೆಯಲ್ಲಿ ಬೀಮನ್ನು ಅಡಿಯಿಂದ ಅಡಿಗೆ ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತೆ, ಒಳಗೆ ಬಿಟ್ಟುಕೊಂಡಿದ್ದರೆ ಡಬ್ ಅನ್ನುತ್ತೆ, ಮಡಕೆ ತಗೊಳ್ಳುವಾಗ ಅಜ್ಜಿ ಬೆರಳಲ್ಲಿ ತಟ್ಟಿ ನೋಡುತ್ತಿದ್ದರಲ್ಲ, ಹಾಗೇ. ಗಿಲಾವೆಲ್ಲ ಕೆತ್ತಿ ಹಾಕಿಸಿ ಪ್ರತಿ ಬಿರುಕಿನ ಪಕ್ಕ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಒಂದು ಪಾರದರ್ಶಕ ಕಾರ್ಡ್ ಇಟ್ಟು ಅಗಲ ಅಳೆದು ಬರೆದರು.

ಬೀಮಿನ ನಡುಭಾಗದಲ್ಲಿ ಕೆಳಗಿಂದ ನೆಟ್ಟಗೆ ಮೇಲೆ ಏರಿದ ಐದಾರು ಬಿರುಕುಗಳಿದ್ದವು. ನನಗೆ ಹೆದರಿಕೆ ಇದ್ದದ್ದೇ ಅವುಗಳದ್ದು. ಎಂಜಿನಿಯರ್ ಅವನ್ನು ನೋಡಿ "ಸರ್, ಇವು ಇರಲೇಬೇಕು" ಅಂದರು. ನನಗೆ ತಮಾಷೆ ಅನ್ನಿಸಿತು. ಆಮೇಲೆ ಕೂತು ಹೇಳಿದರು. ಬೀಮಿನ ಮೇಲೆ ಭಾರ ನಿಂತಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತೆ, ಕೆಳಭಾಗ ಹಿಗ್ಗುತ್ತೆ. ಒತ್ತುವುದನ್ನು ಕಾಂಕ್ರೀಟು ಚೆನ್ನಾಗಿ ತಡೆಯುತ್ತೆ. ಎಳೆದರೆ ಅದರ ಹತ್ತರಲ್ಲಿ ಒಂದು ಪಾಲಿಗೇ ಸೀಳಿಬಿಡುತ್ತೆ. ಹರಿಹರದ ಹಳೇ ಕಮಾನು ಸೇತುವೆಗೆ ಕಂಬಿಯೇ ಬೇಕಾಗಲಿಲ್ಲ, ಯಾಕೆಂದರೆ ಕಮಾನಿನಲ್ಲಿ ಎಲ್ಲ ಒತ್ತುವ ಕೆಲಸವೇ. ನೆಟ್ಟನೆ ಬೀಮಿಗೆ ಕೆಳಗೆ ಎಳೆತ ಇದ್ದೇ ಇರುತ್ತೆ, ಅದಕ್ಕೇ ಅಲ್ಲಿ ಕಂಬಿ ಇಡುವುದು. ಆ ಕಂಬಿ ಪೂರ್ತಿ ಭಾರ ಹೊರಬೇಕಾದರೆ ಸುತ್ತಲಿನ ಕಾಂಕ್ರೀಟು ಕೂದಲೆಳೆಯಷ್ಟು ಬಿಡಲೇಬೇಕು. ನಮ್ಮವು 0.1, 0.15 ಮಿ.ಮೀ. ಇದ್ದವು. ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದಲ್ಲಿರುವ ಐಎಸ್ 456 ಕೋಡಿನಲ್ಲಿ ಸಾಮಾನ್ಯವಾಗಿ 0.3 ತನಕ, ಯಾವಾಗಲೂ ತೇವ ಇರುವ ಜಾಗದಲ್ಲಿ 0.2 ತನಕ ನಡೆಯುತ್ತೆ ಅಂತ ಇದೆಯಂತೆ.

ಅವರು ಗಂಭೀರವಾದದ್ದು ಇನ್ನೊಂದು ಕಡೆ. ಪಡುವಣ ಬದಿಯ ಬೀಮಿನ ತುದಿ, ಕಲ್ಲುಗೋಡೆಗೆ ಕೂರುವ ಜಾಗದಿಂದ ಎರಡಡಿ ಒಳಗೆ, ಓರೆಯಾಗಿ ಮೇಲಕ್ಕೆ ಏರಿದ ಒಂದೇ ಒಂದು ಬಿರುಕು. 0.6 ಮಿ.ಮೀ. ಅದರ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ ಹೋದರು. ಒಂಬತ್ತನೇ ದಿನ ವಾಚ್‌ಮನ್ ಫೋನ್ ಮಾಡಿ "ಗಾಜು ಒಡೀತು" ಅಂದ. ಬಿರುಕು ಇನ್ನೂ ಬೆಳೆಯುತ್ತಿದೆ ಅಂತ ಅರ್ಥ.

ಇದನ್ನು ಮಾತ್ರ ಎಲ್ಲರೂ ತಿಳಿದುಕೊಳ್ಳಬೇಕು ಅಂತ ಬರೆಯುತ್ತಿದ್ದೇನೆ. ನಡುವೆ ಬಾಗಿ ಸೋಲುವ ಬೀಮು ಹಸಿ ಬಿದಿರಿನ ತರ. ಬಾಗುತ್ತೆ, ಬಿರುಕು ಅಗಲ ಆಗುತ್ತೆ, ಕಣ್ಣಿಗೆ ಕಾಣುವಷ್ಟು ಜೋತುಬೀಳುತ್ತೆ, ಓಡಿಹೋಗಲು ಟೈಮ್ ಕೊಡುತ್ತೆ. ತುದಿಯಲ್ಲಿ ಓರೆಯಾಗಿ ಕತ್ತರಿಸಿ ಸೋಲುವುದು ಸುಟ್ಟ ಹಪ್ಪಳದ ತರ. ಹೇಳದೆ ಕೇಳದೆ ಲಟ್ ಅನ್ನುತ್ತೆ. ಇದನ್ನು ತಡೆಯುವುದು ಮುಖ್ಯವಾಗಿ ಕಂಬಿ ಸುತ್ತ ಕಟ್ಟುವ ರಿಂಗು. ಅಪ್ಪನ ಕಪಾಟಿನಲ್ಲಿ ಹಳೇ ಡ್ರಾಯಿಂಗ್ ಸಿಕ್ಕಿತು, ಅದರಲ್ಲಿ ತುದಿಯಲ್ಲಿ 150 ಮಿ.ಮೀ.ಗೆ ಒಂದು ರಿಂಗು ಅಂತ ಇದೆ. ಕಂಬಿ ಹುಡುಕುವ ಮಿಷನ್ ಇಟ್ಟು ನೋಡಿದರೆ 250ಕ್ಕೆ ಒಂದು, ಒಂದು ಕಡೆ 290. ಕಟ್ಟಿದವರು ಅಪ್ಪನ ಕಣ್ಣೆದುರೇ ರಿಂಗು ಉಳಿಸಿದ್ದಾರೆ. ಅಪ್ಪ ಭತ್ತದ ಒಂದು ಹಿಡಿ ಕೈಯಲ್ಲಿ ಹಿಡಿದು ತೇವ ಎಷ್ಟಿದೆ ಹೇಳುತ್ತಿದ್ದರು. ಸ್ಲ್ಯಾಬ್ ಹಾಕುವ ದಿನ ಸ್ಕೇಲ್ ಹಿಡಿದು ರಿಂಗು ಅಳೆಯಬೇಕು ಅಂತ ಅವರಿಗೆ ಯಾರು ಹೇಳಬೇಕಿತ್ತು?

ಟೆಸ್ಟಿನಲ್ಲಿ ನನಗೆ ಮಜಾ ಅನ್ನಿಸಿದ್ದು ಬಣ್ಣದ್ದು. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಫ್ತಲೀನ್ ಸಿಂಪಡಿಸಿದರು, ಕ್ಷಾರ ಸಿಕ್ಕರೆ ಗುಲಾಬಿಯಾಗುವ ದ್ರಾವಣ ಅದು. ಒಳಗೆಲ್ಲ ಬೀಟ್‌ರೂಟ್ ರಸ ಚೆಲ್ಲಿದ ಹಾಗೆ ಕಡು ಗುಲಾಬಿ, ಹೊರಗಿನ 30 ಮಿ.ಮೀ. ಮಾತ್ರ ಬಣ್ಣವೇ ಬರಲಿಲ್ಲ. ಒಳ್ಳೆಯ ಕಾಂಕ್ರೀಟು ಕ್ಷಾರ, ಪಿಎಚ್ 12-13 ಇರುತ್ತೆ, ಆ ಕ್ಷಾರದಲ್ಲಿ ಕಂಬಿಗೆ ತುಕ್ಕು ಹಿಡಿಯಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡ್ ವರ್ಷಗಟ್ಟಲೆ ಒಳಗೆ ಇಳಿದು ಅದನ್ನು ಸಪ್ಪೆ ಮಾಡುತ್ತೆ. ನಮ್ಮ ಕಂಬಿ ಕೂತಿರುವುದು ಹೊರಗಿಂದ 25 ಮಿ.ಮೀ. ಒಳಗೆ, ಅಂದರೆ ಸಪ್ಪೆ ಆದ ಭಾಗದಲ್ಲೇ. ಇನ್ನು ನೀರು ಸಿಕ್ಕರೆ ಸಾಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಗೊಳ್ಳುತ್ತೆ, ಒಳಗಿಂದ ಉಬ್ಬಿ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತೆ. ಡ್ರೈವರ್ ತಂದಿಟ್ಟ ಚಕ್ಕೆ ಅದೇ.

ನೀರು ಎಲ್ಲಿಂದ ಬಂತು ಗೊತ್ತಾ? ಸ್ಲ್ಯಾಬಿನ ಮಳೆನೀರು ಹೊರಗೆ ಹೋಗಲು ಇಟ್ಟ ಪೈಪು ಅರ್ಧ ಅಡಿ ಗಿಡ್ಡ. 25 ವರ್ಷಕ್ಕೂ ಜಾಸ್ತಿ ಪ್ರತಿ ಮಳೆಯ ನೀರೂ ಹಳ್ಳಕ್ಕೆ ಬೀಳುವ ಬದಲು ಅದೇ ಬೀಮಿನ ತುದಿ ಮೇಲೆ ಇಳಿದಿದೆ. ಪೈಪಿನ ತುಂಡು, ಎಲ್ಬೋ ಎಲ್ಲ ಸೇರಿ 400 ರೂಪಾಯಿ.

ಉಳಿದ ಟೆಸ್ಟುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾಂಕ್ರೀಟಿನೊಳಗೆ ಶಬ್ದದ ಅಲೆ ಎಷ್ಟು ಬೇಗ ಹಾಯುತ್ತೆ ಅಂತ ನೋಡುವ ಅಲ್ಟ್ರಾಸೋನಿಕ್ ಟೆಸ್ಟಿನಲ್ಲಿ ನಡುವೆ ಸೆಕೆಂಡಿಗೆ 3.8 ಕಿ.ಮೀ. ಬಂತು, ಅದು ಪಾಸು. ತುದಿಯಲ್ಲಿ 2.6, ಅದು ಅನುಮಾನದ ಲೆಕ್ಕ. ಕಂಬಿಯ ವೋಲ್ಟೇಜ್ ಅಳೆದಾಗ ತುದಿಯಲ್ಲಿ ಮೈನಸ್ 410 ಮಿಲಿವೋಲ್ಟ್ ಬಂತು, ಮೈನಸ್ 350 ದಾಟಿದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇ 90ಕ್ಕೂ ಜಾಸ್ತಿ. ಕಂಬಿ ಬಿಚ್ಚಿ ನೋಡಿದರೆ 20 ಮಿ.ಮೀ. ಇದ್ದದ್ದು 17.5 ಉಳಿದಿತ್ತು. ಎರಡೂವರೆ ಮಿಲಿಮೀಟರ್ ತಾನೇ ಅಂದೆ. ವ್ಯಾಸ ಅಷ್ಟು ಹೋದರೆ ಕಂಬಿಯ ಅಡ್ಡಕೊಯ್ತದಲ್ಲಿ ಶೇ 23 ಹೋದ ಹಾಗೆ ಅಂತ ಫೋನಿನಲ್ಲೇ ಲೆಕ್ಕ ಹಾಕಿ ತೋರಿಸಿದರು. ಸುಮ್ಮನಾದೆ.

ಈಗ ಕಾರ್ಬನ್ ವಿಷಯಕ್ಕೆ. ನಾನು ಕೇಳಿದ ಹಾಗೆ ಬರೀ ಅಡಿಗೆ ಪಟ್ಟಿ ಅಂಟಿಸಲು ಅವರು ಒಪ್ಪಲಿಲ್ಲ. ಅಡಿಗೆ ಮಾತ್ರ ಅಂಟಿಸಿದರೆ ಬಾಗುವ ಶಕ್ತಿ ಜಾಸ್ತಿ ಆಗುತ್ತೆ, ಓರೆ ಕತ್ತರಿಸುವುದನ್ನು ತಡೆಯುವ ಶಕ್ತಿ ಇದ್ದಷ್ಟೇ ಇರುತ್ತೆ. ಬೀಮು ಗಟ್ಟಿಯಾಯಿತು ಅಂತ ನಾನು ದೊಡ್ಡ ಲಾರಿ ಬಿಡುತ್ತೇನೆ, ಅದು ಬಿದಿರಿನ ತರ ಬಾಗುವ ಮೊದಲೇ ಹಪ್ಪಳದ ತರ ಮುರಿಯುತ್ತೆ. ಇದನ್ನು ಕೇಳಿದಾಗ ಮೈ ಜುಂ ಅಂತು, ಯಾಕೆಂದರೆ ಇನ್ನೊಬ್ಬರು ಫೋನಿನಲ್ಲೇ ನಾನು ಕೇಳಿದ್ದಕ್ಕೆ ಕೊಟೇಶನ್ ಕಳಿಸಿದ್ದರು, ಅದೂ ಕಡಿಮೆ ರೇಟಿಗೆ.

ಎರಡನೇದು ಬೆಂಕಿ. ನಮ್ಮ ಬಾಯ್ಲರಿನಲ್ಲಿ ಹೊಟ್ಟು ಉರಿಸುತ್ತೇವೆ, ಬೂದಿಯನ್ನು ಹುಡುಗರು ಸೇತುವೆ ಬುಡಕ್ಕೇ ಸುರಿಯುತ್ತಿದ್ದರು, ಎಷ್ಟೋ ಸಲ ಕೆಂಡ ಇರುವಾಗಲೇ. ಎಂಜಿನಿಯರ್ ಆ ರಾಶಿಯಲ್ಲಿ ಕಡ್ಡಿ ಆಡಿಸಿ ಹೊಗೆ ತೋರಿಸಿದರು. ಕಾರ್ಬನ್ ನಾರಿಗೆ ಬಿಸಿ ಏನೂ ಅಲ್ಲ, ಅದನ್ನು ಹಿಡಿದಿರುವ ಎಪಾಕ್ಸಿ ಅನ್ನುವ ಅಂಟು ಮಾತ್ರ ಸುಮಾರು 60-80 ಡಿಗ್ರಿಯಲ್ಲೇ ಮೆತ್ತಗಾಗುತ್ತೆ. ಅದಕ್ಕೇ ಪಟ್ಟಿ ಪೂರ್ತಿ ಕಿತ್ತುಬಂದರೂ ಬೀಮು ತನ್ನ ಭಾರ ಮತ್ತು ಸಾಧಾರಣ ಲಾರಿಯನ್ನು ಹೊರುವಷ್ಟು ಇರಬೇಕು, ಅಷ್ಟೂ ಇಲ್ಲದ ಬೀಮಿಗೆ ಕಾರ್ಬನ್ ಅಂಟಿಸಬಾರದು ಅನ್ನುವುದು ನಿಯಮ. ಬೂದಿ ಹಾಕುವುದನ್ನು ಆವತ್ತೇ ನಿಲ್ಲಿಸಿದೆವು.

ಸಂಜೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಅವರು ಹೇಳಿದ ಒಂದು ಕಥೆ. ಸ್ವಿಟ್ಜರ್ಲೆಂಡಿನ ಲೂಸರ್ನ್ ಹತ್ತಿರ ಇಬಾಖ್ ಅಂತ ಒಂದು ಸೇತುವೆ. ಟ್ರಾಫಿಕ್ ಸಿಗ್ನಲ್ ಕೂರಿಸಲು ತೂತು ಕೊರೆಯುವಾಗ ಕಾಂಕ್ರೀಟನ್ನು ಒಳಗಿಂದ ಬಿಗಿದು ಹಿಡಿದಿದ್ದ ಉಕ್ಕಿನ ಕೇಬಲ್ಲನ್ನೇ ಕತ್ತರಿಸಿಬಿಟ್ಟರು. 1991ರಲ್ಲಿ ಅದಕ್ಕೆ ಕಾರ್ಬನ್ ಪಟ್ಟಿ ಅಂಟಿಸಿ ಸರಿ ಮಾಡಿದರು, ಪ್ರಪಂಚದಲ್ಲಿ ಸೇತುವೆಗೆ ಹೀಗೆ ಮಾಡಿದ್ದು ಅದೇ ಮೊದಲು. ಉರ್ಸ್ ಮೈಯರ್ ಅನ್ನುವವರು ಅಲ್ಲಿನ ಲ್ಯಾಬಿನಲ್ಲಿ ವರ್ಷಗಟ್ಟಲೆ ಇದರ ಮೇಲೇ ಕೆಲಸ ಮಾಡಿದ್ದರಂತೆ. ಉಕ್ಕಿನ ತಗಡು ಅಂಟಿಸಿದ್ದರೆ 175 ಕೆ.ಜಿ. ಬೇಕಿತ್ತು, ಕಾರ್ಬನ್ ಆದದ್ದು 6.2 ಕೆ.ಜಿ. ನಮ್ಮ ಒಂದು ಸಣ್ಣ ಅಕ್ಕಿ ಚೀಲಕ್ಕಿಂತ ಕಡಿಮೆ.

ಕೆಲಸ ಫೆಬ್ರವರಿಯಲ್ಲಿ ಶುರು ಆಯಿತು. ಮೊದಲು ಹಳ್ಳದಲ್ಲಿ ಜಾಕು, ಕಂಬ ನಿಲ್ಲಿಸಿ ಬೀಮನ್ನು ಹೊತ್ತರು. ಕೆಟ್ಟ ಕಾಂಕ್ರೀಟನ್ನು ಕಂಬಿಯ ಹಿಂದೆ ಬೆರಳು ಹೋಗುವಷ್ಟು ಕೆತ್ತಿದರು. ಹಿಂದೆ ತನಕ ಯಾಕೆ ಅಂದರೆ, ಕಂಬಿಯ ಮುಂಭಾಗ ಮಾತ್ರ ಸ್ವಚ್ಛ ಮಾಡಿ ಮುಚ್ಚಿದರೆ ಹಿಂಭಾಗದಲ್ಲಿ ತುಕ್ಕು ತನ್ನ ಪಾಡಿಗೆ ನಡೆಯುತ್ತಲೇ ಇರುತ್ತೆ. ಕಂಬಿ ಉಜ್ಜಿ, ಸತು ಇರುವ ಪ್ರೈಮರ್ ಬಳಿದು, ಸವೆದ ಕಡೆ ಹೊಸ ಕಂಬಿ ಸೇರಿಸಿ, ಸೆಂಟ್ರಿಂಗ್ ಕಟ್ಟಿ ಮೈಕ್ರೋ ಕಾಂಕ್ರೀಟ್ ಸುರಿದರು. ಅದು ದೋಸೆ ಹಿಟ್ಟಿನ ಹಾಗೆ ತಾನೇ ಹರಿದು ತುಂಬಿಕೊಳ್ಳುತ್ತೆ. ಓರೆ ಬಿರುಕಿಗೆ ಸಣ್ಣ ನಿಪ್ಪಲ್ ಕೂರಿಸಿ ಕೆಳಗಿನಿಂದ ಎಪಾಕ್ಸಿ ತುಂಬಿದರು. ಮೇಲಿನ ನಿಪ್ಪಲ್ಲಿನಲ್ಲಿ ಉಕ್ಕಿದ ಮೇಲೆ ಕೆಳಗಿನದನ್ನು ಮುಚ್ಚಿ ಮೇಲಿನದಕ್ಕೆ ಹೋಗುವುದು. ಒಬ್ಬ ಹುಡುಗ ಇದನ್ನು ಮಗುವಿಗೆ ಔಷಧಿ ಕುಡಿಸುವಷ್ಟು ತಾಳ್ಮೆಯಿಂದ ಇಡೀ ಮಧ್ಯಾಹ್ನ ಮಾಡಿದ.

ಕಾರ್ಬನ್ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಬೀಮಿನ ಚೂಪು ಮೂಲೆಗಳನ್ನು ಗ್ರೈಂಡರಿನಲ್ಲಿ ದುಂಡಗೆ ಮಾಡಿದರು, ಇಲ್ಲದಿದ್ದರೆ ಮೂಲೆಯಲ್ಲಿ ನಾರು ತುಂಡಾಗುತ್ತಂತೆ. ತುದಿಗಳಲ್ಲಿ ಯು ಆಕಾರದಲ್ಲಿ ಬಟ್ಟೆ ಸುತ್ತಿದರು, ಮೇಲೆ ಸ್ಲ್ಯಾಬ್ ಇರುವುದರಿಂದ ಪೂರ್ತಿ ಸುತ್ತಲು ಬರಲ್ಲ. ಬಾಗುವ ಶಕ್ತಿಗೆ ಅಂತ ಅಡಿಗೆ ಎರಡು ಪಟ್ಟಿ. ಅದೂ ಪಡುವಣ ಬೀಮಿಗೆ ಮಾತ್ರ, ಉಳಿದ ಎರಡಕ್ಕೆ ಬೇಡ ಅಂದರು. ಮೂರಕ್ಕೂ ಹಾಕಿ ಬಿಲ್ ಮಾಡಿದ್ದರೆ ನನಗೇನೂ ಗೊತ್ತಾಗುತ್ತಿರಲಿಲ್ಲ, ಇದನ್ನು ಇಲ್ಲಿ ಹೇಳಲೇಬೇಕು.

ಅಂಟು ಹಿಡಿದಿದೆಯಾ ಅಂತ ನೋಡಲು ಪಕ್ಕದಲ್ಲಿ ಒಂದು ತುಂಡು ಅಂಟಿಸಿ, ಅದರ ಮೇಲೆ ಉಕ್ಕಿನ ಬಿಲ್ಲೆ ಅಂಟಿಸಿ ಮಿಷನ್ನಿನಲ್ಲಿ ಎಳೆದರು. ಕನಿಷ್ಠ 1.4 ಮೆಗಾಪಾಸ್ಕಲ್ ಬರಬೇಕು, 1.9 ಬಂತು. ಕಿತ್ತುಬಂದಾಗ ಬಿಲ್ಲೆ ಜೊತೆ ಕಾಂಕ್ರೀಟೂ ಬಂದಿತ್ತು. ಹಾಗೆ ಬರಬೇಕಂತೆ. ಬರೀ ಅಂಟು ಬಿಟ್ಟುಬಂದರೆ ಫೇಲು.

ಕೊನೆಗೆ ಲೋಡ್ ಟೆಸ್ಟ್. ನಮ್ಮ ವೇಬ್ರಿಡ್ಜಿನಲ್ಲೇ ತೂಗಿದ 28 ಟನ್ನಿನ ಭತ್ತದ ಲಾರಿ ಸೇತುವೆ ನಡುವೆ 24 ಗಂಟೆ ನಿಂತಿತು. ಬೀಮು ಎಷ್ಟು ಇಳಿಯಿತು ಅಂತ ಅಳೆಯಲು ಅಡಿಯಲ್ಲಿ ಡಯಲ್ ಗೇಜು. ವಾಚ್‌ಮನ್ ಆ ರಾತ್ರಿ ಆ ಕಡೆಗೇ ಹೋಗಲಿಲ್ಲ, ಟಾರ್ಚನ್ನು ದೂರದಿಂದಲೇ ಬಿಡುತ್ತಿದ್ದ. ಬೀಮು ಇಳಿದದ್ದು 4.2 ಮಿ.ಮೀ. ಲಾರಿ ತೆಗೆದು ಮತ್ತೆ 24 ಗಂಟೆ ಬಿಟ್ಟು ನೋಡಿದರೆ 3.7 ವಾಪಸ್ ಏರಿತ್ತು, ಶೇ 88. ಶೇ 75 ಬಂದರೆ ಪಾಸು.

ದುಡ್ಡು: ಟೆಸ್ಟಿಂಗ್ ಬಿಟ್ಟು 7.8 ಲಕ್ಷ. ಹೊಸ ಸೇತುವೆಗೆ 32 ಲಕ್ಷ ಅಂದಿದ್ದರು, ಜೊತೆಗೆ ಒಂದು ಸುಗ್ಗಿ ಪೂರ್ತಿ ಮಿಲ್ಲಿಗೆ ಬೀಗ.

ಇನ್ನು ಬೈಗುಳ. ಮೂರು ವಾರ ಅಂದವರು ಐದು ವಾರ ಮಾಡಿದರು, ಅದರಲ್ಲಿ ಹನ್ನೊಂದು ದಿನ ಬರೀ ಮೆಟೀರಿಯಲ್ ಬರಲಿಲ್ಲ ಅನ್ನುವ ಫೋನೇ. ಗ್ರೈಂಡರ್ ಧೂಳು ನೇರ ಭತ್ತ ಒಣಗಿಸುವ ಕಣಕ್ಕೆ ಬಂತು, ಪರದೆ ಕಟ್ಟಿ ಅಂತ ನಾನು ಎರಡು ಸಲ ಜಗಳ ಆಡಬೇಕಾಯಿತು. ಎಪಾಕ್ಸಿ ಕಲಸುವ ಹುಡುಗರಿಗೆ ಮೊದಲ ದಿನ ಕೈಗವಸು ಇರಲಿಲ್ಲ, ನಾವೇ ತರಿಸಿಕೊಟ್ಟೆವು, ದೊಡ್ಡ ಕಂಪನಿಗೆ ಇದು ನಾಚಿಕೆ. ರಿಪೋರ್ಟು 46 ಪುಟ, ಪೂರ್ತಿ ಇಂಗ್ಲಿಷು. ಸೇತುವೆ ದಿನಾ ನೋಡಿಕೊಳ್ಳುವವನು ನಮ್ಮ ವಾಚ್‌ಮನ್, ಅವನು ಓದುವುದು ಕನ್ನಡ. ಏನು ಗಮನಿಸಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡಿ ಅಂತ ಕೇಳಿದೆ, ಕಳಿಸುತ್ತೇವೆ ಸರ್ ಅಂದರು, ಇನ್ನೂ ಕಳಿಸುತ್ತಲೇ ಇದ್ದಾರೆ. ಒಂದು ಸ್ಟಾರ್ ಕಿತ್ತುಕೊಂಡಿದ್ದು ಇದಕ್ಕೇ.

12 ಚಕ್ರದ ಲಾರಿ ಬಿಡಬೇಡಿ, 28 ಟನ್ ದಾಟಬಾರದು, ಸೇತುವೆ ಮೇಲೆ ಬ್ರೇಕ್ ಹಾಕಿಸಬೇಡಿ ಅಂತಲೂ ಬರೆದುಕೊಟ್ಟಿದ್ದಾರೆ. ಇಷ್ಟೆಲ್ಲ ಸುರಿದ ಮೇಲೂ ದೊಡ್ಡ ಲಾರಿ ಬರಲ್ವಾ ಅಂತ ನಮ್ಮ ತಮ್ಮ ರೇಗಿದ. ಅವನಿಗೆ ಗಾಜು ಒಡೆದ ಫೋಟೋ ತೋರಿಸಿದೆ. ದೊಡ್ಡ ಲಾರಿಯ ಮಾಲನ್ನು ಈಗ ರಸ್ತೆ ಬದಿಯಲ್ಲೇ ಇಳಿಸಿ ಟ್ರ್ಯಾಕ್ಟರಿನಲ್ಲಿ ಒಳಗೆ ತರುತ್ತಿದ್ದೇವೆ, ಹಮಾಲಿ ಖರ್ಚು ಜಾಸ್ತಿ ಆಗಿದೆ, ಆಗಲಿ.

ನಿಮ್ಮಲ್ಲೂ ಇಂಥ ಹಳೇ ಸೇತುವೆ ಇದ್ದು ಯಾರಾದರೂ ಬಂದು ಬಿರುಕಿಗೆ ಗಿಲಾವು ಹಾಕುತ್ತೇನೆ ಅಂದರೆ, ಚಹಾ ಕುಡಿಸಿ ಕಳಿಸಿ. ಆ ಡ್ರೈವರ್ ಮತ್ತೆ ಲೋಡ್ ಹಾಕಿಕೊಂಡು ದಾಟುತ್ತಿದ್ದಾರೆ, ಪ್ರತಿ ಸಲ ಇಳಿದು ಒಮ್ಮೆ ಅಡಿಗೆ ಬಗ್ಗಿ ನೋಡಿಯೇ. ವಾರಂಟಿ ಪ್ರಕಾರ ಮಳೆಗಾಲ ಮುಗಿದ ಮೇಲೆ ಕಂಪನಿಯವರು ಸುತ್ತಿಗೆ ಹಿಡಿದು ಇನ್ನೊಂದು ಸಲ ತಟ್ಟಿ ನೋಡಬೇಕು. ಬಂದರೆ ಇಲ್ಲೇ ಸೇರಿಸುತ್ತೇನೆ, ಬರದಿದ್ದರೆ ಇನ್ನೊಂದು ಸ್ಟಾರ್ ಕಟ್.